ನೀಲಿ ಬಂದ ಬಾವಿ

ಕಳೆದ ವಾರ ಅರಸೀಕೆರೆಯ ನಮ್ಮ ಮನೆಯ ಅಟ್ಟ ಚೊಕ್ಕಟ ಮಾಡಿಸುವಾಗ ಹಳೆಯ ತಾಮ್ರದ ಪಾತ್ರೆಗಳ ಮೂಟೆಯೊಂದು ಸಿಕ್ಕಿತು. ನನ್ನ ಹೆಂಡತಿ ಅವನ್ನೆಲ್ಲ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಸುರಿದುಕೊಂಡು, ಹುಣಸೆಹಣ್ಣು, ಕಲ್ಲುಪ್ಪು ಹಚ್ಚಿ ತಿಕ್ಕಲು ಕೂತಳು. ನಾನು ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದೆ. ಹುಳಿಯೂ ಲೋಹವೂ ಬೆರೆತ ಆ ವಾಸನೆ ಅಲ್ಲಿಯವರೆಗೂ ಬಂತು. ಹಿಂದೆಯೇ ಅವಳ ದನಿ: "ಈ ಚೊಂಬು ನೋಡ್ರೀ, ಎಷ್ಟ್ ಚೆನ್ನಾಗಿದೆ, ತಿರುಪಿನ ಮುಚ್ಚಳ ಬೇರೆ! ಇದರಲ್ಲಿ ನೀರಿಟ್ಟು ಕುಡಿದ್ರೆ ಆರೋಗ್ಯಕ್ಕೆ ಒಳ್ಳೇದಂತೆ."

"ಹುಳಿ ಪೂರ್ತಿ ಹೋಗೋ ಹಾಗೆ ತೊಳಿ" ಎಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಆ ಚೊಂಬು ಒಂದು ಮಳೆಗಾಲದಲ್ಲಿ ಒಂದಿಡೀ ಬೀದಿಯವರ ಕುಡಿಯುವ ನೀರಿನ ಬಾವಿಯನ್ನು ಮುಚ್ಚಿಸಿತ್ತು. ಚೊಂಬಿನ ಮೇಲೆ ಯಾಕೆ ಹಾಕಲಿ, ಮುಚ್ಚಿಸಿದವನು ನಾನು.

ಎರಡು ಸಾವಿರದ ಎಂಟನೇ ಇಸವಿ. ಅರಸೀಕೆರೆಯ ಒಂದು ಕಾಲೇಜಿನಲ್ಲಿ ನಾನು ಬಯೋಟೆಕ್ನಾಲಜಿ ಬಿ.ಎಸ್ಸಿ.ಯ ಕೊನೆಯ ವರ್ಷದಲ್ಲಿದ್ದೆ. ನಮ್ಮದು ಕೊಬ್ಬರಿ ಮಂಡಿಯ ಮನೆ. ಮಂಡಿಗೆ ಬರುವ ರೈತರು "ಏನ್ ಓದ್ತಿದ್ದೀಯಪ್ಪಾ" ಎಂದು ಕೇಳಿ, ನಾನು ಹೇಳಿದ ಮೇಲೆ "ಓಹೋ, ಒಳ್ಳೇದು ಬಿಡು" ಎನ್ನುತ್ತಿದ್ದರು. ಅದು ಏನೆಂದು ಅವರಿಗೆ ಗೊತ್ತಿರಲಿಲ್ಲ. ಎರಡು ವರ್ಷ ಓದಿದ್ದ ನನಗೂ ಅಷ್ಟೇನೂ ಗೊತ್ತಿರಲಿಲ್ಲ.

ಕಾಲೇಜಿನಲ್ಲಿ ಲ್ಯಾಬು ಇರುವುದು ಬೀಗ ಹಾಕುವುದಕ್ಕಲ್ಲ ಎಂದು ನಂಬಿದ್ದವರು ಶಾರದಾ ಮೇಡಂ ಒಬ್ಬರೇ. ಬೆಂಗಳೂರಿನಲ್ಲಿ ಕಾಲೇಜು ಹುಡುಗರ ತಂಡಗಳಿಗೆ ಒಂದು ಸ್ಪರ್ಧೆ ನಡೆಯುತ್ತದೆ, ಜೀವಾಣುಗಳಿಗೆ ಹೊಸ ಕೆಲಸ ಕಲಿಸಿ ತೋರಿಸಬೇಕು ಎಂಬ ಸುದ್ದಿ ತಂದವರು ಅವರೇ. "ದೊಡ್ಡ ದೊಡ್ಡ ಕಾಲೇಜಿನೋರು ಬರ್ತಾರೆ. ನಾವೂ ಹೋಗೋಣ. ಬೈದು ಕಳಿಸಲ್ವಲ್ಲ" ಎಂದರು. ಕೈ ಎತ್ತಿದವರು ಮೂವರು: ನಾನು, ಬೇಲೂರಿನ ಕಡೆಯ ಲೋಕೇಶ, ಮತ್ತು ಗೌತಮಿ. ಗೌತಮಿಯ ಊರು ಹಗರೆಯಿಂದ ಎರಡು ಮೈಲಿ ಒಳಗೆ. ಊರಿನ ಹೆಸರು ಇಲ್ಲಿ ಬೇಡ. ಅವಳ ತಂದೆ ಮಿಡ್ಲ್ ಸ್ಕೂಲ್ ಮೇಷ್ಟ್ರು. ಅವರ ಮನೆಯ ನಡುಮನೆಯಲ್ಲಿ ಬುದ್ಧನ ಪಟವಿತ್ತು. ಅವಳು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ನಮ್ಮ ಮೂವರಲ್ಲಿ ತಲೆ ಇದ್ದವಳು ಅವಳೊಬ್ಬಳೇ, ಲೋಕೇಶನಿಗೆ ಕೈಚಳಕವಿತ್ತು, ನನಗೆ ಮಾತಿತ್ತು.

ನಾವು ಆರಿಸಿಕೊಂಡದ್ದು ತಾಮ್ರ. ನಮ್ಮ ಕಡೆ ಮುಂಗಾರಿನಲ್ಲಿ ಆಲೂಗಡ್ಡೆ ಹಾಕುತ್ತಾರೆ. ಮೋಡ ಕವಿದು ಜಿನುಗು ಹಿಡಿದರೆ ಅಂಗಮಾರಿ ಬಂದು ರಾತ್ರಿ ಕಳೆಯುವುದರೊಳಗೆ ಹೊಲ ಕಪ್ಪಾಗುತ್ತದೆ. ಅದಕ್ಕೆ ಮೈಲುತುತ್ತದ ಔಷಧಿ ಹೊಡೆಯುತ್ತಾರೆ. ಬೇಲೂರಿನ ಆಚೆ ಕಾಫಿಗೂ ಅದೇ. ಮೈಲುತುತ್ತ ಎಂದರೆ ತಾಮ್ರ. ಹೊಡೆದದ್ದೆಲ್ಲ ಮಳೆಗೆ ತೊಳೆದು ಎಲ್ಲಿಗೆ ಹೋಗುತ್ತದೆ, ಕುಡಿಯುವ ನೀರಿಗೆ ಸೇರುತ್ತದೆಯೇ ಎಂದು ಗೌತಮಿ ಕೇಳಿದಳು. ಮೇಡಂಗೆ ಆ ಪ್ರಶ್ನೆ ಹಿಡಿಸಿತು.

ಉಪಾಯ ಸರಳವಾಗಿತ್ತು. ನಿರುಪದ್ರವಿಯಾದ ಒಂದು ಬ್ಯಾಕ್ಟೀರಿಯಾ. ಅದರ ಮೈಯೊಳಗೆ ತಾಮ್ರ ಹೊಕ್ಕರೆ ಹೊರಕ್ಕೆ ದಬ್ಬಲು ಒಂದು ವ್ಯವಸ್ಥೆ ಹುಟ್ಟಿನಿಂದಲೇ ಇದೆ. ತಾಮ್ರ ಕಂಡೊಡನೆ ಅದರ ಸ್ವಿಚ್ಚು ಬೀಳುತ್ತದೆ. ಆ ಸ್ವಿಚ್ಚಿಗೆ ನೀಲಿ ಬಣ್ಣ ಬರಿಸುವ ಇನ್ನೊಂದು ಜೀನನ್ನು ಜೋಡಿಸಿದರೆ ಆಯಿತು. ನೀರಿನಲ್ಲಿ ತಾಮ್ರವಿದ್ದರೆ ಟ್ಯೂಬು ನೀಲಿ, ಇಲ್ಲದಿದ್ದರೆ ಇಲ್ಲ. ಓದುಬರಹ ಬಾರದವರೂ ನೋಡಿ ತಿಳಿಯಬಹುದು. ಹೇಳುವುದಕ್ಕೆ ಸರಳ, ಜೋಡಿಸುವುದಕ್ಕೆ ನಮ್ಮ ಲ್ಯಾಬಿನಲ್ಲಿ ಏನೂ ಇರಲಿಲ್ಲ. ಬೇಸಿಗೆ ರಜೆಯಲ್ಲಿ ಬೆಂಗಳೂರಿನ ಒಂದು ಲ್ಯಾಬಿನಲ್ಲಿ, ಮೇಡಂನ ಸಹಪಾಠಿಯೊಬ್ಬರ ಕೃಪೆಯಿಂದ, ಆ ಕೆಲಸ ಆಯಿತು. ಗೌತಮಿ ಮಾಡಿದಳು, ನಾವಿಬ್ಬರು ಪಕ್ಕದಲ್ಲಿ ನಿಂತಿದ್ದೆವು. ಆಮೇಲೆ ಆ ಪುಟ್ಟ ಟ್ಯೂಬು ಕಾಫಿ ಫ್ಲಾಸ್ಕಿನೊಳಗೆ, ಐಸಿನ ಮೇಲೆ ಕೂತು, ಪ್ಯಾಸೆಂಜರ್ ರೈಲಿನಲ್ಲಿ ಅರಸೀಕೆರೆಗೆ ಬಂತು. ತಿಪಟೂರಿನಲ್ಲಿ ಒಬ್ಬರು ನಮ್ಮ ಫ್ಲಾಸ್ಕ್ ನೋಡಿ "ಕಾಫಿ ಐತೇನಪ್ಪ?" ಎಂದು ಕೇಳಿದ್ದರು. ಲೋಕೇಶ "ಇದನ್ನ ಕುಡಿದ್ರೆ ನೀವು ನೀಲಿಯಾಗ್ತೀರ" ಎಂದು ಹೇಳಿ ಮೇಡಂ ಕೈಲಿ ಬೈಸಿಕೊಂಡ.

ಜೂನ್‌ನಿಂದ ಕೆಲಸ ಶುರುವಾಯಿತು. ಟ್ಯೂಬುಗಳನ್ನು ಬೆಚ್ಚಗಿಡಲು ಲೋಕೇಶ ಥರ್ಮಕೋಲ್ ಡಬ್ಬಕ್ಕೆ ನಲವತ್ತು ಕ್ಯಾಂಡಲಿನ ಬಲ್ಬು ಇಳಿಬಿಟ್ಟ. ಕುದಿಸಿ ಶುದ್ಧ ಮಾಡಲು ಮೇಡಂ ಮನೆಯ ದೊಡ್ಡ ಪ್ರೆಶರ್ ಕುಕ್ಕರ್ ಬಂತು. ಕೆಲಸ ಮುಗಿದ ಟ್ಯೂಬುಗಳೂ ಅದೇ ಕುಕ್ಕರಿನಲ್ಲಿ ಕುದಿದೇ ಆಚೆ ಹೋಗಬೇಕು. ಮೇಡಂ ಮನೆಯಲ್ಲಿ ಆ ವರ್ಷ ಬೇಳೆ ಹೇಗೆ ಬೇಯಿಸಿದರೋ ಗೊತ್ತಿಲ್ಲ. ಆ ಜೀನು ನೀಲಿ ಬರಿಸಲು ಟ್ಯೂಬಿಗೆ ಬೆರೆಸಬೇಕಾದ, ತಣ್ಣಗಿಡಬೇಕಾದ ಪುಡಿಯ ಸೀಸೆ ಬಸ್ ಸ್ಟ್ಯಾಂಡಿನ ಐಸ್‌ಕ್ರೀಂ ಅಂಗಡಿಯ ಫ್ರೀಜರಿನ ಮೂಲೆಯಲ್ಲಿತ್ತು. ಕರೆಂಟು ಹೋದಾಗೆಲ್ಲ ಯಾರಾದರೊಬ್ಬರು ಓಡಿಹೋಗಿ ಅದನ್ನು ನೋಡಿಕೊಂಡು ಬರುತ್ತಿದ್ದೆವು.

ಮೇಡಂ ಹಾಕಿದ್ದ ನಿಯಮ ಒಂದೇ, ಆದರೆ ಗಟ್ಟಿ. ನೀರನ್ನು ನಾವು ಕೊಟ್ಟ ಪ್ಲಾಸ್ಟಿಕ್ ಬಾಟಲಿಯಲ್ಲೇ, ನೇರವಾಗಿ ಮುಳುಗಿಸಿ ತುಂಬಬೇಕು. ಬೇರೆ ಯಾವ ಪಾತ್ರೆಯೂ ನಡುವೆ ಬರಕೂಡದು. ತುಂಬಿದವರು ಎಲ್ಲಿ, ಯಾವಾಗ, ಹೇಗೆ ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ನಾವು ಶನಿವಾರ ಭಾನುವಾರ ಬಸ್ಸು ಹತ್ತಿ ಜಾವಗಲ್ಲಿನ ಮೇಲೆ ಹಳೇಬೀಡು, ಬೇಲೂರು ತಿರುಗಿದೆವು. ಯಗಚಿಯ ನೀರು ತಂದೆವು. ಹಳೇಬೀಡಿನ ಕೆರೆಯ ನೀರು, ಬಸ್ತಿಹಳ್ಳಿಯ ಬೋರ್‌ವೆಲ್ಲು, ಹೊಲದ ಬದುವಿನ ಹೊಂಡ ಎಲ್ಲ ಆಯಿತು. ಒಂದರಲ್ಲೂ ನೀಲಿ ಬರಲಿಲ್ಲ. ಲೋಕೇಶ ತನ್ನ ಸೋದರಮಾವ ಔಷಧಿ ಕಲಸುವ ಡ್ರಮ್ಮಿನ ತಳದ ನೀರು ತಂದು ಹಾಕಿದಾಗ ಮಾತ್ರ ಬಂತು. ಡ್ರಮ್ಮಿನಲ್ಲಿ ಔಷಧಿ ಇದೆ ಎಂದು ಹೇಳಲು ಜೀನು ಜೋಡಿಸಬೇಕಾಗಿರಲಿಲ್ಲ.

"ನೀರು ಚೆನ್ನಾಗಿದೆ ಅಂದ್ರೆ ಒಳ್ಳೇದೇ ಅಲ್ವಾ" ಎಂದು ಗೌತಮಿ ಅಂದಳು. ನನಗೆ ಒಳ್ಳೆಯದು ಬೇಕಿರಲಿಲ್ಲ, ನೀಲಿ ಬೇಕಿತ್ತು. ಏನೂ ಹಿಡಿಯದ ಬಲೆಯನ್ನು ಹೊತ್ತುಕೊಂಡು ಬೆಂಗಳೂರಿಗೆ ಹೋಗಿ ಏನು ತೋರಿಸುವುದು?

ಆಗಸ್ಟಿನಲ್ಲಿ ಒಂದು ಶನಿವಾರ ಗೌತಮಿಯ ಊರಿನ ಸರದಿ ಬಂತು. ಅವಳಿಗೆ ಜ್ವರ. ಲೋಕೇಶ ಬೇಲೂರಿಗೆ ಹೋಗಿದ್ದ. ನಾನೊಬ್ಬನೇ ಹೊರಟೆ. ಹೊರಡುವಾಗ ನಮ್ಮಜ್ಜಿ ಎಂದಿನಂತೆ ತಾಮ್ರದ ಚೊಂಬಿನಲ್ಲಿ ಕುಡಿಯುವ ನೀರು ತುಂಬಿ, ಮುಚ್ಚಳ ತಿರುಗಿಸಿ ಕೈಗೆ ಕೊಟ್ಟಳು. ಅಜ್ಜಿ ಇಷ್ಟಲಿಂಗ ಪೂಜೆಯಾಗದೆ ಒಂದು ಹನಿ ನೀರೂ ಬಾಯಿಗೆ ಹಾಕದವಳು. ಚೊಂಬನ್ನು ದಿನಾ ಬೆಳಿಗ್ಗೆ ಒಳಗೂ ಹೊರಗೂ ಹುಣಸೆಹಣ್ಣಿನಲ್ಲಿ ತಾನೇ ತಿಕ್ಕುತ್ತಿದ್ದಳು. ಕಣ್ಣು ಮಂಜಾಗಿದ್ದರಿಂದ ಒಳಗಿನ ಹುಳಿ ಪೂರ್ತಿ ಹೋಗುತ್ತಿರಲಿಲ್ಲ. ನೀರು ಸ್ವಲ್ಪ ಒಗರು ಒಗರಾಗಿರುತ್ತಿತ್ತು. "ಕಂಡ ಕಂಡೋರ ಮನೇಲಿ ನೀರು ಕುಡೀಬೇಡ ಕಣಪ್ಪ, ಹೊಟ್ಟೆ ಕೆಡುತ್ತೆ" ಎನ್ನುವುದು ಅವಳ ಮಾತು. ಹೊಟ್ಟೆಯ ವಿಷಯವಲ್ಲ ಅದು ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹಗರೆಯಲ್ಲಿ ಇಳಿದು ನಡೆದೆ. ಎರಡೂ ಕಡೆ ಆಲೂಗಡ್ಡೆ ಹೊಲ, ಬೆನ್ನಿಗೆ ಪಂಪು ಕಟ್ಟಿಕೊಂಡು ಔಷಧಿ ಹೊಡೆಯುವವರು. ಬಾಯಾರಿಕೆಗೆ ಚೊಂಬಿನ ನೀರೆಲ್ಲ ದಾರಿಯಲ್ಲೇ ಮುಗಿಯಿತು. ಗೌತಮಿಯ ಬೀದಿ ಊರಿನ ಕೆಳಗೆ. ಬೀದಿಯ ತುದಿಯಲ್ಲಿ ಕಲ್ಲು ಕಟ್ಟಿದ ಬಾವಿ, ರಾಟೆ, ಪಕ್ಕದಲ್ಲಿ ಒಂದು ಹೊಂಗೆಮರ. ಬಾವಿಯ ಹತ್ತಿರ ಇದ್ದವಳು ಗೌತಮಿಯ ಅಜ್ಜಿ ಪುಟ್ಟಮ್ಮ. "ನಮ್ಮ ಗೌತಮಿ ಜೊತೆ ಓದೋನಾ? ಬಾ ಮಗ" ಎಂದಳು.

ಬಾಟಲಿಗೆ ಕಲ್ಲು ಕಟ್ಟಿ, ದಾರ ಕಟ್ಟಿ ಇಳಿಬಿಟ್ಟೆ. ನನ್ನ ಗಂಟು ಸಡಿಲವಾಗಿತ್ತು. ಬಾಟಲಿ ಕಲ್ಲಿನ ಸಮೇತ ತಳ ಸೇರಿತು. ನಾನು ತಂದಿದ್ದದ್ದು ಅದೊಂದೇ. ಪುಟ್ಟಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. "ಕಾಲೇಜು ಓದ್ತೀಯ, ಗಂಟು ಹಾಕಾಕೆ ಬರಲ್ವಾ? ತಗೋ, ನಮ್ಮ ಬಿಂದಿಗೇಲಿ ಸೇದ್ಕೊ. ಬಿಂದಿಗೇನೇ ತಗೊಂಡೋಗು, ಆಮ್ಯಾಲೆ ಗೌತಮಿ ಕೈಲಿ ಕಳಿಸ್ದ್ರಾಯ್ತು." ಹಸಿರು ಪ್ಲಾಸ್ಟಿಕ್ ಬಿಂದಿಗೆ, ಬೂದಿ ಹಾಕಿ ತೊಳೆದು ಬೋರಲು ಹಾಕಿದ್ದದ್ದು.

"ಬೇಡ ಬಿಡಿ, ನನ್ನ ಹತ್ರ ಇದೆ" ಎಂದೆ. ಚೊಂಬಿನ ಕುತ್ತಿಗೆಗೆ ದಾರ ಬಿಗಿದು, ಈ ಸಲ ಎರಡು ಗಂಟು ಹಾಕಿ, ಬಾವಿಗೆ ಬಿಟ್ಟೆ. ತುಂಬಿದ ಚೊಂಬಿನ ಮುಚ್ಚಳ ತಿರುಗಿಸಿ ಚೀಲಕ್ಕಿಟ್ಟುಕೊಂಡೆ. ಪುಟ್ಟಮ್ಮ ಬಿಂದಿಗೆಯನ್ನು ಮತ್ತೆ ಬೋರಲು ಹಾಕಿದಳು. ಹಗರೆಯಲ್ಲಿ ಬಸ್ಸು ಸಿಗದೆ, ಹಳೇಬೀಡಿನಲ್ಲಿ ಇನ್ನೊಂದಕ್ಕೆ ಕಾದು, ಲ್ಯಾಬು ಸೇರಿದಾಗ ಸಂಜೆ. ನೀರನ್ನು ಲ್ಯಾಬಿನ ಇನ್ನೊಂದು ಬಾಟಲಿಗೆ ಬಗ್ಗಿಸಿ, ರಿಜಿಸ್ಟರಿನಲ್ಲಿ "ನೇರವಾಗಿ ತುಂಬಿದ್ದು" ಎಂದು ಬರೆದೆ. ಬಾಟಲಿ ಕಳೆದದ್ದಕ್ಕೆ ಬೈಗುಳ ಯಾಕೆ ಎಂದು ಅಷ್ಟೇ. ಸುಳ್ಳು ಎಂದು ಆಗ ಅನ್ನಿಸಲೂ ಇಲ್ಲ.

ಸೋಮವಾರ ಬೆಳಿಗ್ಗೆ ಥರ್ಮಕೋಲ್ ಡಬ್ಬದ ಮುಚ್ಚಳ ತೆಗೆದ ಲೋಕೇಶ "ಲೋ, ಬಾರೋ ಇಲ್ಲಿ!" ಎಂದು ಕಿರುಚಿದ. ಟ್ಯೂಬು ಅಚ್ಚ ನೀಲಿ. ನಾವಿಬ್ಬರೂ ಕುಣಿದೆವು. ಅದೇ ಬಾಟಲಿಯ ನೀರಿನಲ್ಲಿ ಮತ್ತೆ ಮೂರು ಸಲ ಮಾಡಿದೆವು, ಮೂರು ಸಲವೂ ನೀಲಿ. ಪೋಸ್ಟರಿಗೆಂದು ಫೋಟೋ ತೆಗೆದೆವು. ಜ್ವರ ಬಿಟ್ಟು ಬಂದ ಗೌತಮಿ ಟ್ಯೂಬನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ನಮ್ಮ ಬಾವಿ ಕಣೋ" ಎಂದಳು. "ನಾನು ಹುಟ್ಟಿದಾಗಿಂದ ಕುಡಿದಿರೋದು ಇದೇ ನೀರು."

"ಮತ್ತೊಂದ್ಸಲ ಹೊಸ ನೀರು ತರೋವರೆಗೂ ಯಾರೂ ಬಾಯಿ ಬಿಡಬೇಡಿ" ಎಂದರು ಮೇಡಂ.

ಬಾಯಿ ಬಿಟ್ಟವನು ನಾನೇ. ನಮ್ಮ ಮಂಡಿಗೆ ಹರಟೆಗೆ ಬರುತ್ತಿದ್ದ ಒಬ್ಬರು ಪೇಪರಿಗೆ ಸುದ್ದಿ ಕಳಿಸುತ್ತಿದ್ದರು. ಅವರ ಮುಂದೆ ಹೇಳಿದೆ. ಹೆಸರು ಪೇಪರಿನಲ್ಲಿ ಬರಲಿ ಎಂಬ ಆಸೆಯಿಂದಲೇ ಹೇಳಿದೆ, ಇನ್ನೇನೂ ಕಾರಣವಿಲ್ಲ. ಮೂರನೇ ದಿನ ಬಂತು. ಹಳ್ಳಿಯ ಬಾವಿಯಲ್ಲಿ ವಿಷ, ವಿದ್ಯಾರ್ಥಿಗಳಿಂದ ಪತ್ತೆ. ನನ್ನ ಹೆಸರು ಮೊದಲಿತ್ತು. ಅಪ್ಪ ಆ ಪುಟ ಕತ್ತರಿಸಿ ಮಂಡಿಯ ಗೋಡೆಗೆ ಅಂಟಿಸಿದರು.

ಅದೇ ವಾರ ಪಂಚಾಯಿತಿಯವರು ಹೋಗಿ ಬಾವಿಯ ಸುತ್ತ ಜಾಲಿಮುಳ್ಳು ಹಾಕಿ, ರಾಟೆ ಬಿಚ್ಚಿಕೊಂಡು, ಕುಡಿಯಲು ಯೋಗ್ಯವಲ್ಲ ಎಂದು ಬೋರ್ಡು ನೆಟ್ಟರು. ಬೀದಿಯವರು ಇನ್ನು ಮೇಲೆ ಊರ ಮೇಗಲ ಬೀದಿಯ ನೀರಿನ ಟ್ಯಾಂಕಿನ ನಲ್ಲಿಗೆ ಹೋಗಬೇಕು. ಇದನ್ನೆಲ್ಲ ಗೌತಮಿ ಊರಿಗೆ ಹೋಗಿ ಬಂದು, ಪ್ರಯೋಗದ ಫಲಿತಾಂಶ ಓದುವವಳ ಹಾಗೆ ಹೇಳಿದಳು. "ಅಲ್ಲಿ ಅವರದೆಲ್ಲ ತುಂಬೋವರೆಗೂ ನಮ್ಮೋರು ಕೊಡ ಕೆಳಗಿಟ್ಟು ದೂರ ನಿಂತಿರ್ತಾರೆ. ಯಾರೂ ಬಾಯಿಬಿಟ್ಟು ಹೇಳಲ್ಲ, ದೂರ ನಿಂತ್ಕೊ ಅಂತ. ಹೇಳೋ ಅವಶ್ಯಕತೆ ಇಲ್ಲ. ಅಜ್ಜಿ ಹೋಗಲ್ಲ ಅಂದ್ಬಿಟ್ಟಿದ್ದಾರೆ. ಮುಕ್ಕಾಲು ಮೈಲಿ ನಡೆದು ಹೊಲದ ಪಂಪ್‌ಸೆಟ್ಟಿಂದ ತರ್ತಾರೆ, ಈ ವಯಸ್ಸಲ್ಲಿ."

ಆ ಬಾವಿಯನ್ನು ತೋಡಿದವರು ಆ ಬೀದಿಯವರೇ ಎಂದು ನನಗೆ ಗೊತ್ತಾದದ್ದು ಆಗ. ಗೌತಮಿಯ ತಾತ, ಅವರ ಅಣ್ಣತಮ್ಮಂದಿರು ಎರಡು ಬೇಸಿಗೆ ಬಂಡೆ ಒಡೆದಿದ್ದರಂತೆ. ನೀರು ಬಂದ ದಿನ ತಾತ ಕೆಸರಿನಲ್ಲಿ ಕೂತು ಅತ್ತರಂತೆ. "ನಮ್ಮೂರಲ್ಲಿ ನಮ್ದು ಅಂತ ಇರೋದು ಅದೊಂದೇ" ಎಂದಳು. ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು.

ಮುಂದಿನ ಭಾನುವಾರ ಅವಳು ತಾನೇ ಹೋಗಿ, ಮುಳ್ಳಿನ ಸಂದಿಯಲ್ಲಿ ಬಾಟಲಿ ಇಳಿಬಿಟ್ಟು ನೀರು ತಂದಳು. ಸಂಜೆ ಇಟ್ಟು ಬೆಳಿಗ್ಗೆ ನೋಡಿದರೆ ನೀಲಿಯ ಸುಳಿವಿಲ್ಲ. ಲೋಕೇಶ "ಮಳೆ ಬಿದ್ದು ತಿಳಿಯಾಗಿರುತ್ತೆ" ಎಂದ. ನಾನೂ ಹೌದು ಹೌದು ಎಂದೆ. ಗೌತಮಿ ರಿಜಿಸ್ಟರ್ ತೆಗೆದು ನಾನು ಬರೆದ ಸಾಲಿನ ಮೇಲೆ ಬೆರಳಿಟ್ಟಳು. "ನೇರವಾಗಿ ತುಂಬಿದ್ದು ತಾನೆ?"

"ಹೂಂ" ಎಂದೆ.

ಅಂದು ಮಧ್ಯಾಹ್ನ ಮನೆಗೆ ಊಟಕ್ಕೆ ಹೋದಾಗ ಅಜ್ಜಿ ಹಿತ್ತಲಿನಲ್ಲಿ ಕೂತು ಚೊಂಬು ತಿಕ್ಕುತ್ತಿದ್ದಳು. ಹುಣಸೆಹಣ್ಣಿನ ಕಂದು ನೀರು ಕಲ್ಲಿನ ಮೇಲೆ ಹರಿದು, ಅಂಚಿನಲ್ಲಿ ಹಸಿರುಗಟ್ಟಿತ್ತು. ದಿನಾ ನೋಡುತ್ತಿದ್ದ ಹಸಿರು ಅದು. ನಾನು ಹೊಸಿಲ ಮೇಲೇ ನಿಂತುಬಿಟ್ಟೆ. ಮೂರು ತಿಂಗಳಿಂದ ಊರೂರು ಅಲೆದು ತಾಮ್ರ ಹುಡುಕುತ್ತಿದ್ದವನು ಚೀಲದಲ್ಲೇ ತಾಮ್ರ ಇಟ್ಟುಕೊಂಡು ಓಡಾಡಿದ್ದೆ. ಮಾರನೆಯ ದಿನ ಚೊಂಬಿಗೆ ಬರೀ ಮಳೆನೀರು ಹಿಡಿದು, ಬೆಳಿಗ್ಗೆಯಿಂದ ಸಂಜೆಯವರೆಗೆ ಚೀಲದಲ್ಲಿಟ್ಟು, ಯಾರಿಗೂ ಹೇಳದೆ ಒಂದು ಟ್ಯೂಬು ಮಾಡಿಟ್ಟೆ. ಬೆಳಿಗ್ಗೆ ಬಂದ ನೀಲಿ ಬಾವಿಯದಕ್ಕಿಂತ ಗಾಢವಾಗಿತ್ತು. ಬ್ಯಾಕ್ಟೀರಿಯಾ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು.

ಸ್ಪರ್ಧೆಗೆ ಹನ್ನೆರಡು ದಿನ ಉಳಿದಿತ್ತು. ಪೋಸ್ಟರಿನ ನಡುಮಧ್ಯೆ ಆ ಬಾವಿಯ ನೀಲಿ ಟ್ಯೂಬಿನ ಫೋಟೋ. ಬಾಯಿ ಮುಚ್ಚಿಕೊಂಡಿದ್ದರೆ ಮಳೆಗೆ ತಿಳಿಯಾಯಿತು ಎನ್ನುವ ಲೋಕೇಶನ ಮಾತೇ ಉಳಿಯುತ್ತಿತ್ತು. ಆದರೆ ಆ ಮಾತು ಉಳಿಯುವವರೆಗೂ ಬಾವಿಯ ಮೇಲಿನ ಮುಳ್ಳೂ ಉಳಿಯುತ್ತಿತ್ತು. ಮುಂದಿನ ಸಲ ಔಷಧಿ ಹೊಡೆದಾಗ ನೀರು ಮತ್ತೆ ವಿಷವಾಗುತ್ತದೆ ಎಂದು ಪಂಚಾಯಿತಿಯವರು ಹೇಳುತ್ತಿದ್ದರು. ಎರಡು ದಿನ ಸುಮ್ಮನಿದ್ದೆ. ಆ ಎರಡು ದಿನ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಚೊಂಬಿಗಿಂತ, ಪೇಪರಿಗಿಂತ, ಆ ಎರಡು ದಿನಗಳಿಗೇ ಹೆಚ್ಚು.

ಮೂರನೆಯ ದಿನ ಬಾವಿಯ ನೀಲಿ ಟ್ಯೂಬು, ಚೊಂಬಿನ ಮಳೆನೀರಿನ ನೀಲಿ ಟ್ಯೂಬು ಎರಡನ್ನೂ ಮೇಡಂ ಮುಂದೆ ಇಟ್ಟು ಹೇಳಿದೆ. ಗೌತಮಿ, ಲೋಕೇಶ ಅಲ್ಲೇ ಇದ್ದರು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ರಿಜಿಸ್ಟರ್ ತಗೊ. ಅಳಿಸಬೇಡ, ಹೊಡೆದುಹಾಕಬೇಡ. ಕೆಳಗೆ ಏನಾಯ್ತೋ ಅದನ್ನ ಬರಿ" ಎಂದರು. ಬಾಟಲಿ ಬಾವಿಗೆ ಬಿದ್ದ ಕಾರಣ ನೀರನ್ನು ಹುಣಸೆಹಣ್ಣಿನಿಂದ ತಿಕ್ಕಿದ ತಾಮ್ರದ ಚೊಂಬಿನಲ್ಲಿ ತರಲಾಯಿತು ಎಂದು ಬರೆದೆ. ಗೌತಮಿ ಓದಿದಳು.

"ಅಜ್ಜಿ ಬಿಂದಿಗೆ ಕೊಟ್ಟಿದ್ರಂತೆ?"

"ಹೂಂ."

"ಪ್ಲಾಸ್ಟಿಕ್ ಬಿಂದಿಗೆ. ಅದರಲ್ಲಿ ತಂದಿದ್ರೆ ಏನೂ ಆಗ್ತಿರ್ಲಿಲ್ಲ."

"ಕ್ಲೀನ್ ಇರುತ್ತೋ ಇಲ್ವೋ ಅಂತ…" ಎಂದು ಶುರು ಮಾಡಿದೆ. ಆಮೇಲೆ ನಿಲ್ಲಿಸಿದೆ. ಅವಳು ಕಾದಳು. ಕೊನೆಗೆ ರಿಜಿಸ್ಟರ್ ಮುಚ್ಚಿ ಕಪಾಟಿನಲ್ಲಿಟ್ಟು ಕೈ ತೊಳೆಯಲು ಹೋದಳು.

ಸ್ಪರ್ಧೆಯ ಕಥೆ ಇಲ್ಲೇ ಮುಗಿಸಿಬಿಡುತ್ತೇನೆ. ಪೋಸ್ಟರಿನಿಂದ ಬಾವಿಯ ಫೋಟೋ ತೆಗೆದು ಚೊಂಬಿನ ಫೋಟೋ ಹಾಕಿದೆವು. ತೀರ್ಪುಗಾರರು ನಕ್ಕರು. ಒಬ್ಬರು ಗೌತಮಿಯ ಕೆಲಸವನ್ನು ಹೊಗಳಿ ವಿಳಾಸ ತೆಗೆದುಕೊಂಡರು. ಅವಳು ಮುಂದೆ ಅದನ್ನೇ ಓದಿ ಈಗ ಪಾಠ ಹೇಳುತ್ತಿದ್ದಾಳೆ. ನಮಗೆ ಸಿಕ್ಕಿದ್ದು ಭಾಗವಹಿಸಿದ ಪ್ರಮಾಣಪತ್ರ. ಅಜ್ಜಿಗೆ ವಿಷಯ ಹೇಳಿದಾಗ "ತಾಮ್ರದಲ್ಲಿ ವಿಷ ಅಂತೀಯೇನೋ, ನಿಮ್ಮ ತಾತ ಸಾಯೋತನಕ ಇದರಲ್ಲೇ ಕುಡಿದ್ರು" ಎಂದು ನನ್ನನ್ನೇ ಗದರಿಸಿದಳು. ಚೊಂಬನ್ನು ಮೂಟೆಗೆ ಕಟ್ಟಿ ಅಟ್ಟಕ್ಕೆ ಹಾಕಿದವನು ನಾನು.

ಬಾವಿಗೆ ಬರುತ್ತೇನೆ. ಮೇಡಂ ಪಂಚಾಯಿತಿಗೆ ಕಾಗದ ಬರೆದರು, ಆರೋಗ್ಯ ಇಲಾಖೆಯಿಂದ ನೀರು ಪರೀಕ್ಷೆ ಮಾಡಿಸಿದರು. ಅದರ ಫಲಿತಾಂಶ ಬರುವಷ್ಟರಲ್ಲಿ ಬಾವಿ ಮುಚ್ಚಿ ತಿಂಗಳಾಗುತ್ತ ಬಂದಿತ್ತು. ಒಂದು ಬೆಳಿಗ್ಗೆ ಪಂಚಾಯಿತಿ ಸೆಕ್ರೆಟರಿ ಆಳುಗಳ ಜೊತೆ ಬಂದು ಮುಳ್ಳು ಎಳೆಸಿದರು, ರಾಟೆ ಹಾಕಿಸಿದರು, ಕಾಗದ ಓದಿದರು. ನಾನೂ ಗೌತಮಿಯೂ ಹೋಗಿದ್ದೆವು. ಅವಳ ತಂದೆ ಮೇಷ್ಟ್ರು ಸ್ಕೂಲಿಗೆ ಅರ್ಧ ದಿನ ರಜೆ ಹಾಕಿ ಬಂದು ಹೊಂಗೆಮರದ ಕೆಳಗೆ ಕೈಕಟ್ಟಿ ನಿಂತಿದ್ದರು. ಬೀದಿಯವರೆಲ್ಲ ಸೇರಿದ್ದರು. ಮೇಗಲ ಬೀದಿಯಿಂದಲೂ ನಾಲ್ಕಾರು ಜನ ಬಂದಿದ್ದರು.

ಕಾಗದ ಓದಿ ಮುಗಿಯಿತು. ಒಬ್ಬರೂ ಕೊಡ ತರಲಿಲ್ಲ.

ಮಗು ಎತ್ತಿಕೊಂಡಿದ್ದ ಒಬ್ಬ ಹೆಂಗಸು ಹೇಳಿದಳು: "ಅವತ್ತೂ ಕಾಗದ ಓದಿದ್ರಿ, ವಿಷ ಐತೆ ಅಂತ. ಇವತ್ತೂ ಕಾಗದ ಓದ್ತೀರ, ವಿಷ ಇಲ್ಲ ಅಂತ. ನಮ್ಮ ಮಕ್ಕಳಿಗೆ ಯಾವ ಕಾಗದ ನಂಬಿ ಕುಡಿಸಾದು?" ಹಿಂದಿನಿಂದ ಯಾರೋ "ವಿಷ ಅಂದೋರೇ ಕುಡಿದು ತೋರ್ಸಲಿ" ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು.

ಮೇಗಲ ಬೀದಿಯ ಒಬ್ಬರು ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ನೀವು ಮಂಡಿಯೋರ ಮಗ ಅಲ್ವಾ? ನೀವ್ಯಾಕೆ, ಬಿಡಿ. ಸೆಕ್ರೆಟರಿ ಕುಡೀತಾರೆ" ಎಂದರು. ನಮ್ಮ ಮಂಡಿಗೆ ಕೊಬ್ಬರಿ ಹಾಕುತ್ತಿದ್ದವರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಸೆಕ್ರೆಟರಿ ಗಡಿಯಾರ ನೋಡಿಕೊಂಡರು.

"ನಾನೇ ಕುಡೀತೀನಿ" ಎಂದೆ.

ಪುಟ್ಟಮ್ಮ ಅದೇ ಹಸಿರು ಬಿಂದಿಗೆ ತಂದು ಸೇದಿದಳು. ಒಂದು ತಿಂಗಳಿಂದ ಮುಟ್ಟದ ನೀರು, ರಾಟೆ ಕಿರ್ ಕಿರ್ ಎಂದು ಸದ್ದು ಮಾಡಿತು. ಬಿಂದಿಗೆಯನ್ನು ಕಟ್ಟೆಯ ಮೇಲಿಟ್ಟು ಅವಳು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ನಾನು ಬಿಂದಿಗೆಗೆ ಕೈ ಹಾಕಲಿಲ್ಲ. ಎಂಜಲಾಗುತ್ತದೆ ಎಂದು ಹೇಳಬಹುದು. ಅರ್ಧ ನಿಜವೂ ಹೌದು. ಬಗ್ಗಿ ನಿಂತು ಎರಡೂ ಕೈ ಸೇರಿಸಿ ಬೊಗಸೆ ಒಡ್ಡಿದೆ.

ಪುಟ್ಟಮ್ಮ ಬಿಂದಿಗೆ ಎತ್ತಿಕೊಂಡು ಹುಯ್ಯಲು ಬಗ್ಗಿಸಿದಳು. ನಾಲ್ಕು ಹನಿ ಬಿದ್ದಿರಬೇಕು, ನಿಲ್ಲಿಸಿಬಿಟ್ಟಳು. ತಲೆ ಎತ್ತಿ ನೋಡಿದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಕೈಗಳನ್ನು ನೋಡುತ್ತಿದ್ದಳು.

"ನಾನು ಇಂಗೇ ಕುಡೀತಿದ್ದೆ ಮಗ" ಎಂದಳು. ಬೇರೆಯವರಿಗೆ ಕೇಳಲಿ ಎಂದು ಹೇಳಿದ ಮಾತಲ್ಲ. "ಮದುವೆಯಾಗಿ ಬಂದ ಹೊಸದ್ರಾಗೆ. ಮೇಗಲ ಬೀದಿ ಬಾವಿತಾವ ಬೊಗಸೆ ಒಡ್ಕಂಡು ನಿಂತ್ಕಳಾದು. ಮ್ಯಾಲಿಂದ ಹುಯ್ಯೋರು ಬಂದ್ರೆ ಉಂಟು, ಇಲ್ದಿದ್ರೆ ಇಲ್ಲ. ಅದ್ಕೇ ನಮ್ಮೋರು ಈ ಬಾವಿ ತೋಡಿದ್ದು."

ಬಿಂದಿಗೆಯನ್ನು ಕಟ್ಟೆಯ ಮೇಲೆ ಇಳಿಸಿದಳು. ಮೇಗಲ ಬೀದಿಯವರು ನೆಲ ನೋಡುತ್ತಿದ್ದರು. ನನ್ನ ಬೊಗಸೆ ಇನ್ನೂ ಹಾಗೆಯೇ ಇತ್ತು, ಬೆರಳ ಸಂದಿಯಿಂದ ನೀರು ಸೋರಿ ಹೋಗುತ್ತಿತ್ತು.

"ಈ ಬಾವಿತಾವ ಯಾರೂ ಇಂಗೆ ಕುಡೀಕೂಡ್ದು. ಗೌತಮಿ, ಒಂದು ಲೋಟ ತತ್ತಾ ಮಗ. ಅವುನ್ಗೆ ಲೋಟದಾಗೆ ಕೊಡು."

ಗೌತಮಿ ಮನೆಗೆ ಹೋಗಿ ಸ್ಟೀಲ್ ಲೋಟ ತಂದಳು. ಬಿಂದಿಗೆಯಲ್ಲಿ ಅದ್ದಿ ತುಂಬಿ, ಕೆಳಗಿಡದೆ, ನನ್ನ ಮುಂದೆ ಹಿಡಿದಳು. ತೆಗೆದುಕೊಳ್ಳುವಾಗ ಬೆರಳಿಗೆ ಬೆರಳು ತಾಗಿತು. ಲೋಟಕ್ಕೆ ಬಾಯಿ ಹಚ್ಚಿ ಕುಡಿದೆ. ತಣ್ಣಗಿತ್ತು. ಒಗರಿರಲಿಲ್ಲ.

"ಬಿಂದಿಗೆ ನಿಮ್ಮದು ಅಂತ ಬೇಡ ಅಂದೆ" ಎಂದೆ ಪುಟ್ಟಮ್ಮನಿಗೆ. ಗೌತಮಿಗೂ ಕೇಳಿಸಿತು. "ಕ್ಲೀನ್ ಇಲ್ಲ ಅಂತಲ್ಲ."

"ಗೊತ್ತು ಬುಡು" ಎಂದಳು ಪುಟ್ಟಮ್ಮ.

ಖಾಲಿ ಲೋಟವನ್ನು ಗೌತಮಿಯ ಮುಂದೆ ಹಿಡಿದು ಇನ್ನೊಂದು ಕೇಳಿದೆ. ಅವಳು ತುಂಬಿಸುತ್ತಿದ್ದಾಗ, ಮಗು ಎತ್ತಿಕೊಂಡಿದ್ದ ಹೆಂಗಸು ಕೊಡ ತರಲು ಮನೆಯ ಕಡೆ ಹೋದಳು.